ಮೊಳೆಗೆ ನೇತುಹಾಕಿದ ದೇವರು

ಕುರುಗೋಡಿನ ಪಂಪ್‌ಸೆಟ್ ಮೆಕ್ಯಾನಿಕ್ ಗಾದಿಲಿಂಗಪ್ಪ ಪ್ರತಿ ಗುರುವಾರ ಬಳ್ಳಾರಿಗೆ ಹೋಗುತ್ತಿದ್ದುದು ಬೇರಿಂಗು, ವಾಷರ್ರು, ಬೆಲ್ಟು ತರುವುದಕ್ಕೆ. ಹಾಗಂತ ಹೆಂಡತಿ ಶಿವಬಸಮ್ಮನಿಗೆ ಹೇಳಿದ್ದ. ಸುಳ್ಳೇನಲ್ಲ, ತರುತ್ತಿದ್ದ. ಆದರೆ ನಾಲ್ಕು ವಾಷರ್ ತರುವುದಕ್ಕೆ ಇಡೀ ದಿನ ಯಾಕೆ ಬೇಕು, ವಾಪಸು ಬರುವಾಗ ಬಾಯಿ ತುಂಬ ಸೋಂಪು ಯಾಕೆ ಇರುತ್ತದೆ, ಅವತ್ತೊಂದು ದಿನ ಸಂಜೆಯ ಊಟಕ್ಕೆ ಒಂದೇ ರೊಟ್ಟಿ ಹೇಗೆ ಸಾಕಾಗುತ್ತದೆ ಎಂದು ಕೇಳಿದ್ದರೆ ಸಿಕ್ಕಿಬೀಳುತ್ತಿದ್ದ. ಪುಣ್ಯಕ್ಕೆ ಯಾರೂ ಕೇಳಿರಲಿಲ್ಲ.

ಮುಚ್ಚಿಟ್ಟು ಏನು ಬರುತ್ತದೆ, ಹೇಳಿಯೇಬಿಡುತ್ತೇನೆ. ಕಂಟೋನ್ಮೆಂಟಿನ ಹಿಂಭಾಗದ ಒಂದು ಗಲ್ಲಿಯಲ್ಲಿ ವೆಂಕಣ್ಣನ ಮಿಲಿಟರಿ ಹೋಟೆಲಿತ್ತು. ಗಾದಿಲಿಂಗಪ್ಪ ಅಲ್ಲಿ ಕುಳಿತು ಕುರಿಮಾಂಸದ ಸಾರು, ಅನ್ನ ಉಣ್ಣುತ್ತಿದ್ದ. ಹುಟ್ಟಿದ ಎಂಟು ದಿನಕ್ಕೆ ಕೊರಳಿಗೆ ಲಿಂಗ ಕಟ್ಟಿಸಿಕೊಂಡವನು! ಬೀದಿಯಲ್ಲಿ ತತ್ತಿಯ ಸಿಪ್ಪೆ ಬಿದ್ದಿದ್ದರೆ ಸುತ್ತಿಬಳಸಿ ನಡೆಯುವ ಮನೆತನದವನು! ಚಟ ಹತ್ತಿದ್ದು ಸಿರುಗುಪ್ಪದ ಕಡೆಯ ಒಂದು ಕ್ಯಾಂಪಿನಲ್ಲಿ. ಕಾಲುವೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ಊರುಗಳಿಗೆ ನಮ್ಮ ಕಡೆ ಕ್ಯಾಂಪು ಅನ್ನುತ್ತಾರೆ. ಅಲ್ಲಿ ಒಂದು ಮೋಟಾರು ಬಿಚ್ಚಿ ಕಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೇರಿತು. ಆ ಮನೆಯ ಅಮ್ಮ "ತಿನಂಡಿ ಬಾಬೂ" ಎಂದು ತಟ್ಟೆ ತಂದಿಟ್ಟಳು. ಬದನೆಕಾಯಿ ಎಂದುಕೊಂಡು ಒಂದು ತುತ್ತು ತಿಂದ. ಎರಡನೆಯ ತುತ್ತಿಗೆ ಬದನೆಕಾಯಿಯಲ್ಲ ಎಂದು ಗೊತ್ತಾಯಿತು. ಮೂರನೆಯದನ್ನೂ ತಿಂದ. ಅಲ್ಲಿಗೆ ಮುಗಿಯಿತು ಅವನ ಗತಿ.

ವೆಂಕಣ್ಣನ ಹೋಟೆಲಿನಲ್ಲಿ ಇಂಥವರಿಗೆಂದೇ ಒಂದು ಏರ್ಪಾಡಿತ್ತು. ಗಲ್ಲಾದ ಹಿಂದಿನ ಗೋಡೆಗೆ ಸಾಲಾಗಿ ಐದು ಮೊಳೆ, ಅದರ ಮುಂದೊಂದು ಹೂವು ಅಚ್ಚೊತ್ತಿದ ಚೀಟಿ ಬಟ್ಟೆಯ ಪರದೆ. ಕೊರಳಲ್ಲಿ ಲಿಂಗವಿದ್ದ ಗಿರಾಕಿ ಬಂದವನೇ ಅತ್ತಿತ್ತ ನೋಡಿ, ಲಿಂಗ ಬಿಚ್ಚಿ, ಪರದೆಯ ಹಿಂದಿನ ಮೊಳೆಗೆ ನೇತುಹಾಕಿ, ಆಮೇಲೆ ಊಟಕ್ಕೆ ಕೂಡಬೇಕು. ದೇವರು ಮೈಮೇಲಿರುವಾಗ ಮಾಂಸ ತಿನ್ನುವುದು ಮಹಾಪಾಪ. ದೇವರು ಮೊಳೆಯ ಮೇಲಿರುವಾಗ ತಿಂದರೆ? ಪಾಪವೇ, ಆದರೆ ಆತ ಕಣ್ಣಾರೆ ಕಂಡಂತಾಗುವುದಿಲ್ಲವಲ್ಲ! ಮೂರು ಲೋಕ ನೋಡುವ ಶಿವನಿಗೆ ಒಂದು ಮೊಳ ಚೀಟಿ ಬಟ್ಟೆ ಅಡ್ಡವಾಗುತ್ತದೆಂದು ಈ ದೊಡ್ಡ ಮನುಷ್ಯರ ನಂಬಿಕೆ. ವೆಂಕಣ್ಣನೂ ಭಕ್ತಿವಂತನೇ, ವಾಸನೆ ಒಳಗೆ ಹೋಗಬಾರದೆಂದು ಪರದೆಯ ಹಿಂದೆ ಎರಡು ಊದುಬತ್ತಿ ಹಚ್ಚಿಡುತ್ತಿದ್ದ. ಯಾರ ಹೆಸರನ್ನೂ ಕೇಳುತ್ತಿರಲಿಲ್ಲ.

"ನಮ್ಮ ಹೋಟ್ಲಾಗ ಸಾರಿಗೆ ಹೆಸ್ರೈತಿ, ಉಣ್ಣೋರಿಗೆ ಹೆಸ್ರಿಲ್ರಿ," ಅನ್ನುತ್ತಿದ್ದ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ವರ್ಷ ಅದು. ಒಂದು ಗುರುವಾರ ಗಾದಿಲಿಂಗಪ್ಪ ಎಲುಬು ಚೀಪುತ್ತ ಕಿಟಕಿಯ ಕಡೆ ನೋಡಿದ. ಅವನ ಮನೆಯಿಂದ ಮೂರನೆಯ ಮನೆಯ ಮೈಲಾರಪ್ಪ, ಕುರುಗೋಡಿನ ಭಜನಾ ಸಂಘದ ಹಾರ್ಮೋನಿಯಂ ಮೈಲಾರಪ್ಪ, ಹೋಟೆಲಿನ ಎದುರಿಗೇ ನಿಂತು ಬೀಡಿ ಹಚ್ಚುತ್ತಿದ್ದ. ಅವನ ಬಾಯಿಗೆ ಒಂದು ಸುದ್ದಿ ಬಿದ್ದರೆ ಡಂಗುರ ಹೊಡೆಸುವುದೇ ಬೇಡ. ಗಾದಿಲಿಂಗಪ್ಪ ಕೈ ತೊಳೆದದ್ದೂ ಸುಳ್ಳು, ಬಾಯಿ ಒರೆಸಿದ್ದೂ ಸುಳ್ಳು. ಪರದೆಯ ಹಿಂದೆ ಕೈಹಾಕಿ, ಸಿಕ್ಕ ಗಂಟನ್ನು ಸೆಳೆದುಕೊಂಡು, ಹಿತ್ತಲ ಬಾಗಿಲಿನಿಂದ ಕೋಳಿಗೂಡು ದಾಟಿ ಓಡಿದ.

ಮೊಳೆಯ ಮೇಲೆ ಎರಡು ಗಂಟಿದ್ದವು. ಎರಡೂ ಬಿಳಿ ಅರಿವೆಯಲ್ಲಿ ಸುತ್ತಿದವು. ಅವನು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಮಣೆಯ ಮೇಲೆ ಕೂತು, ಅರಿವೆ ಬಿಚ್ಚಿ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡ. ಕೈ ಮೊದಲು ತಿಳಿದುಕೊಂಡಿತು. ಇದು ತನ್ನದಲ್ಲ. ಇದು ನುಣುಪು, ತುಸು ದೊಡ್ಡದು. ಅವನ ಲಿಂಗದ ಬುಡದಲ್ಲಿ ಹಲ್ಲಿನ ಗುರುತಿತ್ತು. ನಾಲ್ಕು ವರ್ಷದವನಿದ್ದಾಗ ಬೆಲ್ಲದ ಉಂಡೆ ಎಂದು ತಿಳಿದು ಕಚ್ಚಿದ್ದ. ಮೇಲಿನ ಕರಿ ಲೇಪ ಕಿತ್ತು ಎರಡು ಹಲ್ಲು ಚೊಕ್ಕವಾಗಿ ಮೂಡಿದ್ದವು. ಅವತ್ತು ಅವ್ವ ಚನ್ನವೀರಮ್ಮ ಕಪಾಳಕ್ಕೆ ಬಾರಿಸಿ, ಆಮೇಲೆ ತಾನೇ ಅತ್ತು, ಅದನ್ನೇ ತಿರುಗಿ ಕೊರಳಿಗೆ ಕಟ್ಟಿದ್ದಳು. ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ಆಕೆಯ ಕೈ ತಾಗಿದ್ದು ಅಂತ ಅವನ ಮೈಮೇಲೆ ಉಳಿದಿದ್ದುದು ಅದೊಂದೇ.

ಗಾದಿಲಿಂಗಪ್ಪನಿಗೆ ಅಳು ಒತ್ತರಿಸಿ ಬಂತು. ಅಳುವಂತಿಲ್ಲ, ಪಕ್ಕದ ಮಣೆಯಲ್ಲಿ ಶಿವಬಸಮ್ಮ ತನ್ನ ಲಿಂಗಕ್ಕೆ ಪತ್ರೆ ಏರಿಸುತ್ತಿದ್ದಳು. ಆಕೆ ಒಂದು ಕಣ್ಣು ದೇವರ ಮೇಲೆ, ಇನ್ನೊಂದು ಗಂಡನ ಮೇಲೆ ಇಟ್ಟು ಪೂಜೆ ಮಾಡುವ ಹೆಂಗಸು. ಮಠದ ಗುರುಗಳ ಹತ್ತಿರ ಹೋದರೆ ಹೊಸ ಲಿಂಗ ಕೊಡುತ್ತಾರೆ, ನಿಜ. ಆದರೆ ಹಳೆಯದು ಎಲ್ಲಿ ಹೋಯಿತು ಎಂದು ಕೇಳಿಯೇ ಕೊಡುತ್ತಾರೆ. ಮೇಲಾಗಿ ಗುರುಗಳು ಶಿವಬಸಮ್ಮನ ತೌರಿನ ಕಡೆಯವರು. ಅವನಿಗೆ ಹೊಸದು ಬೇಕಾಗಿಯೂ ಇರಲಿಲ್ಲ. ಹಲ್ಲಿನ ಗುರುತಿನದೇ ಬೇಕಾಗಿತ್ತು, ಹೆಂಡತಿಗೆ ಗೊತ್ತಾಗದ ಹಾಗೆ ಬೇಕಾಗಿತ್ತು.

ಅಲ್ಲಿಯ ತನಕ ಪೂಜೆ ಬಿಡುವಂತಿಲ್ಲ. ಪೂಜೆ ಆಗದೆ ಆ ಮನೆಯಲ್ಲಿ ಚಹಾ ಕೂಡ ಸಿಗುತ್ತಿರಲಿಲ್ಲ.

ಮೊದಲೆಲ್ಲ ಅವನ ಪೂಜೆ ಐದು ನಿಮಿಷದ್ದು. ತನ್ನ ದೇವರ ಜೊತೆ ಅವನಿಗೆ ಸಲಿಗೆ. "ಯಪ್ಪಾ, ಸುಗ್ಗಿ ಹತ್ರ ಬಂತು, ಯಾರದಾದ್ರೂ ನಾಕು ಮೋಟಾರ್ ಸುಡಸು," ಎಂದು ಬೇಡಿಕೊಂಡು ಏಳುತ್ತಿದ್ದ. ಆದರೆ ಈಗ ಕೈಯಲ್ಲಿ ಕೂತಿರುವಾತ ಯಾರೋ ಏನೋ. ಗುರುತು ಪರಿಚಯವಿಲ್ಲದವನ ಮುಂದೆ ಮೋಟಾರು ಸುಡಿಸು ಅನ್ನಲು ಬರುತ್ತದೆಯೇ? ಲಿಂಗವೇ ಗಂಡ, ಭಕ್ತನೇ ಹೆಂಡತಿ ಎಂದು ಸ್ವಾಮಿಗಳು ಪ್ರವಚನದಲ್ಲಿ ಹೇಳಿದ್ದು ಆಗಲೇ ನೆನಪಾಗಬೇಕೆ! ಹಾಗಾದರೆ ಪರರ ಗಂಡನ ಜೊತೆ ಇದೇನು ನಡೆದಿರುವುದು? ಬೆಳಬೆಳಗ್ಗೆ, ಕಟ್ಟಿಕೊಂಡವಳು ಪಕ್ಕದಲ್ಲಿ ಕೂತಿರುವಾಗಲೇ!

"ತಪ್ಪು ತಿಳಕಾಬ್ಯಾಡ್ರಿ," ಎಂದು ತುಟಿಯಲ್ಲೇ ಅಂದ. "ನಾ ನಿಮ್ಮಾಂವ ಅಲ್ರಿ. ಅವಸರದಾಗ ಹಿಂಗಾತು. ನಿಮ್ಮೋರು ಎಲ್ಲೆ ಅದಾರೋ, ಉಪವಾಸ ಕುಂತಾರೋ ಏನೋ. ಅವರಿಗೆ ಒಳ್ಳೇದು ಮಾಡ್ರಿ. ನಮಗೇನೂ ಬ್ಯಾಡ್ರಿ."

ಏನಾದರೂ ಬೇಡಿದರೂ ಆ ಪುಣ್ಯ ಆ ಮನುಷ್ಯನ ಮನೆಗೇ ಹೋಗುತ್ತದೆಂದು ಅವನ ಲೆಕ್ಕ. ಹಾಗಾಗಿ ಅವನಿಗಾಗಿಯೇ ಬೇಡಿದ. ದಿನಾ ಬೇಡಿದ. ಹೆಂಡತಿ ಮಕ್ಕಳಿದ್ದರೆ ತಣ್ಣಗಿರಲಿ, ಹೊಲವಿದ್ದರೆ ನೀರು ಹಾಯಲಿ ಎಂದ. ಐದು ನಿಮಿಷದ ಪೂಜೆ ಅರ್ಧ ಗಂಟೆಗೆ ಹೋಯಿತು. ಪತ್ರೆ ಎರಡರಿಂದ ಇಪ್ಪತ್ತೊಂದಾಯಿತು. ಮುಗಿದ ಮೇಲೆ ಶಿವಬಸಮ್ಮ ಎಂದಿನಂತೆ ಗಂಡನ ಪೂಜೆಯ ತೀರ್ಥ ಮೂರು ಗುಟುಕು ತೆಗೆದುಕೊಳ್ಳುವಾಗ ಇವನು ಗೋಡೆಯ ಕಡೆ ನೋಡುತ್ತಿದ್ದ.

ಶಿವಬಸಮ್ಮನ ಕಿವಿ ಹರಿತ. ಗಂಡ ತನಗೇನೂ ಬೇಡದೆ ಪರರಿಗಾಗಿ ಕಣ್ಣೀರು ಹಾಕುತ್ತಾನೆ ಎಂದು ನೀರು ತರುವಲ್ಲಿ, ಬೀಸುವಲ್ಲಿ, ಎಲ್ಲ ಕಡೆ ಹೇಳಿಕೊಂಡು ಬಂದಳು. ಒಂದು ತಿಂಗಳೊಳಗೆ ಓಣಿಯ ಹೆಂಗಸರು ಜ್ವರ ಬಂದ ಕೂಸುಗಳನ್ನು ಎತ್ತಿಕೊಂಡು ಬಂದು "ಒಂದೀಟು ವಿಭೂತಿ ಹಚ್ರಿ ಅಣ್ಣಾರ" ಎಂದು ಅವನ ಮುಂದೆ ನಿಲ್ಲತೊಡಗಿದರು. ಕೂಸುಗಳಿಗೆ ಜ್ವರ ಬಿಟ್ಟೂಬಿಟ್ಟಿತು, ಹಾಳಾದ್ದು. ಹಾರ್ಮೋನಿಯಂ ಮೈಲಾರಪ್ಪ ಬಂದು ಭಜನಾ ಸಂಘಕ್ಕೆ ಅಧ್ಯಕ್ಷನಾಗೆಂದು ಕೈಮುಗಿದ. ಹೊಗಳಿದಷ್ಟೂ ಗಾದಿಲಿಂಗಪ್ಪ ಕುಗ್ಗಿದ, ಕುಗ್ಗಿದಷ್ಟೂ ಜನ ಹೊಗಳಿದರು.

ಇತ್ತ ಗುರುವಾರ ತಪ್ಪಿಸದೆ ವೆಂಕಣ್ಣನಲ್ಲಿಗೆ ಹೋಗುತ್ತಲೇ ಇದ್ದ.

"ಅವತ್ತು ನಿಮ್ಮ ಹಿಂದ ಉಣ್ಣಾಕ ಕುಂತಿದ್ದ ಹಿರೇರು ಉಳಿದದ್ದನ್ನ ಕೊರಳಿಗೆ ಹಾಕ್ಕಂಡು ಹೋದ್ರಿ," ಎಂದ ವೆಂಕಣ್ಣ. "ದಪ್ಪ ಕನ್ನಡಕ. ಸಿರುಗುಪ್ಪದ ಬಸ್ ಹತ್ತತಾರ. ಹೆಸ್ರು ನಾ ಕೇಳಂಗಿಲ್ಲ, ನಿಮಗೇ ಗೊತ್ತೈತಲ್ಲ."

"ಇಲ್ಲೇ ಕುಂತು ಕಾಯತೀನಪ್ಪ."

"ಕಾಯ್ರಿ. ಖಾಲಿ ಎಲಿ ಮುಂದ ಕುಂದ್ರಂಗಿಲ್ಲ ಮತ್ತ. ಗಿರಾಕಿ ಟೈಮು."

ಹೀಗಾಗಿ ದೇವರನ್ನು ವಾಪಸು ಪಡೆಯಬೇಕೆಂದರೆ ವಾರವಾರ ಮಾಂಸ ತಿನ್ನಲೇಬೇಕಾಯಿತು. ಕೊರಳಲ್ಲಿರುವ ಪರರ ಲಿಂಗವನ್ನು ಮೊಳೆಗೆ ಹಾಕುವುದೋ ಬೇಡವೋ ಎಂದು ಮೊದಲ ಸಲ ಒದ್ದಾಡಿದ. ಕೊನೆಗೆ, ಈತನಿಗೆ ಈ ಮೊಳೆ ಹೊಸದೇನಲ್ಲ ಎಂದು ಸಮಾಧಾನ ಮಾಡಿಕೊಂಡು ನೇತುಹಾಕಿದ. ಬಾಗಿಲ ಕಡೆ ಕಣ್ಣಿಟ್ಟು ಉಂಡ, ಉಂಡು ಎದ್ದು ಬಂದ. ಕನ್ನಡಕದವರು ಬರಲಿಲ್ಲ.

ಏಳನೆಯ ಗುರುವಾರ ಹೋದಾಗ ವೆಂಕಣ್ಣ ಗಲ್ಲಾ ಬಿಟ್ಟು ಎದ್ದು ಬಂದ.

"ಮೊನ್ನಿ ಮಂಗಳವಾರ ಬಂದಿದ್ರಿ ಅವ್ರು! ಊಟಕ್ಕಲ್ಲ, ನಿಮ್ಮನ್ನ ಹುಡುಕ್ಕಂತ. ಭಾಳ ಬೆವರತಿದ್ರು, ಎದಿ ಹಿಡ್ಕಂಡು ಕುಂತಿದ್ರು. ಸಿರುಗುಪ್ಪದಾಗ ಅಕ್ಕಿ ಗಿರಣಿ ಹಿಂದ ಮನಿಯಂತ, ರಿಟೈರಾದ ಮಾಸ್ತರು, ಚಿದಾನಂದಪ್ಪ ಅಂತ. ಇನ್ನ ಬಸ್ ಹತ್ತಾಕ ಆಗಂಗಿಲ್ಲ, ಮನಿಗೇ ಬರಾಕ ಹೇಳು ಅಂದ್ರು."

ಗಾದಿಲಿಂಗಪ್ಪ ಅವತ್ತು ಉಣ್ಣಲಿಲ್ಲ. ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿಸಿ, ಸಿರುಗುಪ್ಪದಲ್ಲಿ ಗಿರಣಿಯ ಮೋಟಾರು ಕೆಟ್ಟಿದೆಯೆಂದು ಹೆಂಡತಿಗೆ ಹೇಳಿ ಬಸ್ಸು ಹತ್ತಿದ. "ಇವತ್ತು ನಿಮ್ಮನ್ನ ನಿಮ್ಮನಿಗೆ ಮುಟ್ಟಸ್ತೀನ್ರಿ," ಎಂದು ದಾರಿಯುದ್ದಕ್ಕೂ ಅಂಗಿಯ ಮೇಲಿಂದ ಗಂಟನ್ನು ಸವರಿಕೊಂಡ. ಅದನ್ನು ಬಿಟ್ಟುಕೊಡುವುದಕ್ಕೂ ಮನಸ್ಸಿಗೆ ಒಂಥರಾ ಆಯಿತು, ಏಳು ವಾರ ಒಂದೇ ಅಂಗಿಯೊಳಗೆ ಬೆವೆತಿದ್ದಾರಲ್ಲ.

ಗಿರಣಿಯ ಹಿಂದಿನ ಮನೆಯ ಮುಂದೆ ಜನ ನೆರೆದಿದ್ದರು. ಒಳಗೆ ಭಜನೆ ನಡೆದಿತ್ತು.

ಚಿದಾನಂದಪ್ಪ ಮಾಸ್ತರು ಬೆಳಗಿನ ಜಾವ ತೀರಿಕೊಂಡಿದ್ದರು. ನಮ್ಮವರ ಪದ್ಧತಿಯಂತೆ ಅವರನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆ ತುಂಬ ವಿಭೂತಿ ಬಳಿದು, ಹೂವಿನ ಮಾಲೆ ಹಾಕಿದ್ದರು. ದಪ್ಪ ಕನ್ನಡಕ ಹಾಗೇ ಇತ್ತು. ತೊಡೆಯ ಮೇಲಿನ ಎಡಗೈಯಲ್ಲಿ ಅವರ ಲಿಂಗವಿತ್ತು. ಅವರದೆಂದು ಊರೆಲ್ಲ ತಿಳಿದಿದ್ದ ಲಿಂಗ. ಗಾದಿಲಿಂಗಪ್ಪ ಸಾಲಿನಲ್ಲಿ ಹೋಗಿ, ಕಾಲಿಗೆ ನಮಸ್ಕಾರ ಮಾಡುವ ನೆಪದಲ್ಲಿ ಬಗ್ಗಿ ನೋಡಿದ. ಬೆರಳ ಸಂದಿಯಲ್ಲಿ ಎರಡು ಹಲ್ಲಿನ ಗುರುತು ಕಂಡವು.

ಇನ್ನು ಎರಡು ತಾಸಿನಲ್ಲಿ ಮಣ್ಣು ಮಾಡುತ್ತಾರೆ. ಲಿಂಗವನ್ನು ಕೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ಅವ್ವನ ಕೈಯಿಂದ ಬಂದದ್ದು ಸಿರುಗುಪ್ಪದ ನೆಲದೊಳಗೆ, ಗುಂಡಿಗೆ ಸುರಿಯುವ ಉಪ್ಪಿನಡಿಯಲ್ಲಿ ಹೋಗಿಬಿಡುತ್ತದೆ. ಬಾಯಿ ಬಿಟ್ಟು ಕೇಳಲೇ? ಏನೆಂದು ಕೇಳುವುದು? ನಿಮ್ಮ ಮಾಸ್ತರೂ ನಾನೂ ಮಿಲಿಟರಿ ಹೋಟೆಲಿನಲ್ಲಿ ದೇವರನ್ನು ಅದಲುಬದಲು ಮಾಡಿಕೊಂಡೆವು ಅಂತಲೇ? ತನ್ನ ಮಾನ ಹೋದರೆ ಹೋಗಲಿ, ಸತ್ತು ಕೂತಿರುವ ಮನುಷ್ಯನದನ್ನು ಅವರ ಹೆಂಡತಿಯ ಎದುರು ಕಳೆಯುವುದು ಹೇಗೆ?

"ಎರಡು ತಿಂಗಳಾತು ನೋಡ್ರಿ, ಮಾಸ್ತರು ಪೂಜಿಗೆ ಕುಂತರ ಏಳತಾನ ಇರಲಿಲ್ಲ," ಎಂದು ಪಕ್ಕದಲ್ಲೊಬ್ಬ ಕಣ್ಣೊರೆಸಿಕೊಂಡ. "ಲಿಂಗದ ಮುಂದ ಗಳಗಳ ಅಳತಿದ್ರು. ಅಂಥಾ ಭಕ್ತಿ!"

ಎಂಥಾ ಭಕ್ತಿ ಎಂದು ಗಾದಿಲಿಂಗಪ್ಪನಿಗಲ್ಲದೆ ಇನ್ಯಾರಿಗೆ ಗೊತ್ತು? ಹೊರಗೆ ಹೋದ, ತಿರುಗಿ ಸಾಲಿಗೆ ನಿಂತ, ಮತ್ತೆ ಬಗ್ಗಿದ, ಮತ್ತೆ ಹೊರಗೆ ಹೋದ. ಮೂರನೆಯ ಸಲ ಬಗ್ಗಿದಾಗ ಮಾಸ್ತರ ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ವೀರಭದ್ರಮ್ಮ ತಲೆ ಎತ್ತಿದಳು.

"ಯಾವೂರ್ರಿ ನಿಮ್ಮದು?"

"ಕುರುಗೋಡ್ರಿ ಅವ್ವಾ."

ಆಕೆ ಅವನ ಅಂಗಿಯೊಳಗಿನ ಉಬ್ಬನ್ನು ನೋಡಿದಳು. ಧ್ವನಿ ತಗ್ಗಿಸಿದಳು.

"ಆ ಹಲ್ಲಿನ ಗುರ್ತು ನಿಮ್ಮದೇನು?"

ಸುಳ್ಳು ಹೇಳಲು ನಾಲಿಗೆ ಹೊರಳಿತು, ಆಗಲಿಲ್ಲ. ಗಾದಿಲಿಂಗಪ್ಪ ಹೌದೆಂದು ತಲೆಯಾಡಿಸಿದ.

ವೀರಭದ್ರಮ್ಮ ಎದ್ದಳು. "ಅಯ್ಯನೋರ, ಬೆಳಿಗ್ಗಿಂದ ಕುಂತೀರಿ, ಹೊರಗ ಚಾ ಇಟ್ಟಾರ, ಎಲ್ಲಾರೂ ಒಂದೀಟು ಕುಡದು ಬರ್ರಿ. ಇವರು ನಮ್ಮ ಪೈಕಿ, ದೂರದಿಂದ ಬಂದಾರ. ಒಂದು ಗಳಿಗಿ ಅವರ ಹತ್ರ ಕುಂದ್ರಲಿ." ಜನ ಕದಲಿದರು. ಆಕೆ ಬಾಗಿಲಿಗೆ ಬೆನ್ನು ಮಾಡಿ, ಸೆರಗು ಅಗಲಿಸಿ ಅಡ್ಡ ನಿಂತಳು. "ಲಗೂನ ಬಿಚ್ರಿ."

ಗಾದಿಲಿಂಗಪ್ಪ ಅರಿವೆ ಬಿಚ್ಚಿದ. ಮಾಸ್ತರ ಬೆರಳುಗಳು ಸೆಟೆದುಕೊಂಡಿದ್ದವು. ಎಳೆದರೂ ಬಿಡಲಿಲ್ಲ. ವೀರಭದ್ರಮ್ಮ ಪಕ್ಕದಲ್ಲಿ ಕೂತು, ಹಟ ಹಿಡಿದ ಕೂಸಿಗೆ ಹೇಳುವಂತೆ, "ಬಿಡ್ರಿ ಮಾಸ್ತರ. ಅವರ್ದು ಅವರಿಗೆ ಕೊಟ್ಟುಬಿಡ್ರಿ. ನಿಮ್ಮದು ಬಂದೈತಿ," ಎನ್ನುತ್ತ ಒಂದೊಂದೇ ಬೆರಳು ಬಿಡಿಸಿದಳು. ಮಾಸ್ತರ ಲಿಂಗವನ್ನು ಅವರ ಕೈಗಿಟ್ಟು, ತನ್ನದನ್ನು ಅಂಗೈಗೆ ತೆಗೆದುಕೊಂಡ ಕೂಡಲೆ ಗಾದಿಲಿಂಗಪ್ಪ ಅತ್ತುಬಿಟ್ಟ. ಏಳು ವಾರ ನುಂಗಿಕೊಂಡಿದ್ದೆಲ್ಲ ಅಲ್ಲಿ ಬಂತು.

"ನಿಮಗ ಎಲ್ಲಾ ಗೊತ್ತಿತ್ತೇನ್ರಿ ಅವ್ವಾ?"

"ಮೂವತ್ತು ವರ್ಷದಿಂದ ಗೊತ್ತೈತಿ. ಬಳ್ಳಾರಿಗೆ ಹೋಗಿ ಬಂದ ಅಂಗಿ ಒಗಿಯಾಕಿ ನಾನಲ್ಲೇನು? ಅವರಿಗೆ ಹೇಳಾಕ ನಾಚಿಕಿ. ನಾ ಕೇಳಿದ್ರ ಅವರಿಗೆ ನಾಚಿಕಿ ಆದೀತು ಅಂತ ನನಗ ಅಂಜಿಕಿ. ದೇವರ ಮುಂದ ಇಬ್ಬರೂ ಜೋಡಿ ಕುಂದ್ರತಿದ್ವಿ, ಇಬ್ಬರೂ ಬಾಯಿ ಮುಚ್ಚಿಕ್ಯಂಡು." ಆಕೆ ಗಂಡನ ಕನ್ನಡಕವನ್ನು ಸರಿಮಾಡಿದಳು. "ಮೊನ್ನಿ ಮಂಗಳವಾರ ಬಸ್ಸಿಳಿದು ಬಂದು ಎಲ್ಲಾ ಹೇಳಿದ್ರು. ಆ ಮೊಳಿ, ಪರದಿ, ಊದಿನಕಡ್ಡಿ, ಎಲ್ಲಾ. ಹೊಟ್ಟಿ ಹುಣ್ಣಾಗೋ ಹಂಗ ನಕ್ವಿ. ಮೊದ್ಲೇ ಹೇಳಿದ್ರ ನಾನೇ ಹಿತ್ತಲದಾಗ ಮಾಡಿ ಹಾಕ್ತಿದ್ದೆ ಅಂದೆ. ಮಂಗಳವಾರ, ಬುಧವಾರ, ಗುರುವಾರ. ಮೂವತ್ತು ವರ್ಷದ ಸಂಸಾರದಾಗ ನಮಗ ಸಿಕ್ಕಿದ್ದು ಮೂರೇ ದಿನ ನೋಡ್ರಿ."

ಮಣ್ಣು ಮುಗಿಸಿ, ಕಾಲುವೆಯಲ್ಲಿ ಮಿಂದು ಗಾದಿಲಿಂಗಪ್ಪ ಊರಿಗೆ ಬಂದ. ಬಸ್ಸಿನಲ್ಲಿ ಯಾವ ಸುಳ್ಳು ಹೇಳುವುದೆಂದು ಯೋಚಿಸಲು ನೋಡಿದ. ಮೂರೇ ದಿನ ಎಂದ ಆ ಹೆಂಗಸಿನ ದನಿ ಕಿವಿ ಬಿಡಲಿಲ್ಲ.

ಶಿವಬಸಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೊಸ್ತಿಲಲ್ಲೇ ಕೂತು ಎಲ್ಲ ಹೇಳಿದ. ಕ್ಯಾಂಪಿನ ಬದನೆಕಾಯಿಯಿಂದ ಮಾಸ್ತರ ಬೆರಳಿನ ತನಕ. ರೊಟ್ಟಿ ಬಡಿಯುವ ಸದ್ದು ಮೊದಲು ಜೋರಾಯಿತು, ಆಮೇಲೆ ನಿಂತಿತು. ಕೈಗೆ ಸಿಕ್ಕ ಹಿಟ್ಟಿನ ಉಂಡೆ ಬೀಸಿ ಬಂದು ಅವನ ಎದೆಗೆ ಬಡಿಯಿತು.

"ನಿಮ್ಮ ಬಾಯಾಗ ಮಣ್ಣು ಹಾಕಲಿ! ಊರ ಕೂಸುಗಳಿಗೆಲ್ಲಾ ವಿಭೂತಿ ಹಚ್ಚಿದ್ರಲ್ರಿ! ನಾನು ನಿಮ್ಮನ್ನ ದೊಡ್ಡ ಶರಣರು ಅಂತ ಓಣಿ ತುಂಬಾ ಹೊಗಳಿಕ್ಯಂತ ತಿರಗಿದ್ನಲ್ಲಾ, ನನ್ನ ಮಾರಿ ಎಲ್ಲಿ ಇಟಗಳ್ಳಿ?" ಸ್ವಲ್ಪ ಹೊತ್ತು ಹೀಗೆ ನಡೆಯಿತು, ಅದನ್ನೆಲ್ಲ ಬರೆಯಲಿಕ್ಕಾಗುವುದಿಲ್ಲ. ಆಮೇಲೆ ಆಕೆಗೇನೋ ಹೊಳೆಯಿತು. "ಹಂಗಾದ್ರ ಏಳು ವಾರ ನಾ ಕುಡಿದ ತೀರ್ಥ?"

"ಮಾಸ್ತರ ಲಿಂಗದ್ದು."

ಶಿವಬಸಮ್ಮ ಕುಕ್ಕರಿಸಿದಳು. ಇನ್ನೊಂದು ಉಂಡೆ ಬರುತ್ತದೆಂದು ಗಾದಿಲಿಂಗಪ್ಪ ಕಣ್ಣು ಮುಚ್ಚಿದ. ಬರಲಿಲ್ಲ.

"ಅಂದ ಮ್ಯಾಲೆ ನಾವು ಆ ಮನಿಯೋರಾದ್ವಿ," ಎಂದಳು ಕಡೆಗೆ. "ಇವತ್ತು ಆ ಮನಿಯಾಗ ಒಲಿ ಹಚ್ಚಿರಂಗಿಲ್ಲ. ಆಯಮ್ಮ ಏನು ಉಂಡಾಳೋ ಏನೋ. ನಾಳಿಗೆ ಬುತ್ತಿ ಕಟಿಗ್ಯಂಡು ಹೋಗೋಣು."

ಮರುದಿನ ಬೆಳಗಿನ ಬಸ್ಸಿನಲ್ಲಿ ಇಬ್ಬರೂ ಹೋದರು. ತೊಡೆಯ ಮೇಲೆ ಇಪ್ಪತ್ತು ರೊಟ್ಟಿ, ಪುಂಡಿಪಲ್ಯ, ಕೆಂಪುಖಾರದ ಗಂಟು. ಅರ್ಧ ದಾರಿ ಶಿವಬಸಮ್ಮ ಕಿಟಕಿಯ ಹೊರಗೆ ಭತ್ತದ ಗದ್ದೆಗಳನ್ನು ನೋಡುತ್ತ ಕೂತಿದ್ದಳು. ಆಮೇಲೆ ಮುಂದಿನ ಸೀಟಿನವರಿಗೆ ಕೇಳಿಸದಂತೆ ಗಂಡನ ಕಿವಿಯ ಹತ್ತಿರ ಬಗ್ಗಿದಳು.

"ಖರೇ ಹೇಳ್ರಿ. ಅಷ್ಟು ರುಚಿ ಇರತೈತೇನ್ರಿ ಅದು?"

ಗಾದಿಲಿಂಗಪ್ಪ ದೇವರಿಗೆ ಕೇಳಿಸೀತೆಂದು ಅಂಗಿಯ ಮೇಲಿಂದ ಲಿಂಗವನ್ನು ಮುಚ್ಚಿಕೊಳ್ಳಲಿಲ್ಲ.

"ಇರತೈತಿ," ಎಂದ.